ಸಂಶೋಧನೆಗೆ ವಿಶ್ವವಿದ್ಯಾಲಯವೇ ಬೇಕೆ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಶಿಕ್ಷಕರು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)

 

ಓದು ಮುಗಿಸಿದ ನಮ್ಮ ಮಕ್ಕಳನ್ನು "ಮುಂದೇನು?" ಎಂದು ಕೇಳಿ ನೋಡಿ. ಬಿ.ಎಡ್. ಅನ್ನುತ್ತಾರೆ, ನರ್ಸಿಂಗ್ ಅನ್ನುತ್ತಾರೆ, ಪೊಲೀಸ್ ಪರೀಕ್ಷೆ ಅನ್ನುತ್ತಾರೆ, ಇಲ್ಲವೇ ಅಬ್ಬಾನ ಅಂಗಡಿ ಅನ್ನುತ್ತಾರೆ. "ಸಂಶೋಧನೆ ಮಾಡುತ್ತೇನೆ ಸರ್" ಎಂದು ಹೇಳಿದ ಹುಡುಗನನ್ನು ನಾನಿನ್ನೂ ನೋಡಿಲ್ಲ. ಆ ಪದ ಕಿವಿಗೆ ಬಿದ್ದ ಕೂಡಲೇ ನಮಗೆ ಹೊಳೆಯುವುದು ನೆಟ್ ಪರೀಕ್ಷೆ, ಪಿಎಚ್.ಡಿ., ಗೈಡು, ಐದಾರು ವರ್ಷ, ಖರ್ಚು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಪಿಎಚ್.ಡಿ.ಗೆ ಆಸರೆಯಾಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಕೂಡ 2022-23ರಿಂದ ಹೊಸಬರಿಗೆ ನಿಂತುಹೋಯಿತು. ಹೀಗಾಗಿ ಸಂಶೋಧನೆ ಎಂದರೆ ನಮ್ಮದಲ್ಲದ ಮನೆ, ದೊಡ್ಡವರ ಮನೆ ಎಂದು ನಾವು ದೂರದಿಂದಲೇ ಸಲಾಂ ಹಾಕಿ ಹೊರಡುತ್ತೇವೆ.

ಆ ಮನೆಗೆ ಹಿತ್ತಲ ಬಾಗಿಲೂ ಇದೆ. ಅಷ್ಟೇ ಅಲ್ಲ, ಆ ಮನೆ ಕಟ್ಟಿದವರಲ್ಲಿ ಅನೇಕರು ಒಳಗೆ ಬಂದದ್ದೇ ಅದರಿಂದ. ಇಂದು ನಿಮಗೆ ಹೇಳಬೇಕೆಂದಿರುವುದು ಅದನ್ನೇ.

ಮೊದಲು ನಮ್ಮ ಜಿಲ್ಲೆಯ ಮಸ್ಕಿಯ ಮಾತು. ಮಸ್ಕಿಯ ಅಶೋಕ ಶಾಸನ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಒಂದು ಅಂಕದ ಪ್ರಶ್ನೆಗೆ ನೀವೆಲ್ಲ ಉತ್ತರ ಬರೆದಿದ್ದೀರಿ. 1915ರಲ್ಲಿ ಅದನ್ನು ಪತ್ತೆ ಹಚ್ಚಿದವರು ಯಾರು? ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು. ಪ್ರಾಧ್ಯಾಪಕರಲ್ಲ. ಅವರು ಈ ಗುಡ್ಡಗಳಲ್ಲಿ ಅಲೆಯುತ್ತಿದ್ದದ್ದು ಚಿನ್ನಕ್ಕಾಗಿ, ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಅಕ್ಷರ. ಅದಕ್ಕೂ ಹಿಂದಿನ ಕಥೆ ನೋಡಿ. ಆ ಬ್ರಾಹ್ಮಿ ಲಿಪಿಯನ್ನು 1837ರಲ್ಲಿ ಓದಿ ತೋರಿಸಿದ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯ ಟಂಕಸಾಲೆಯಲ್ಲಿ ನಾಣ್ಯದ ಲೋಹ ಪರೀಕ್ಷಿಸುವ ಅಧಿಕಾರಿ. ಶಾಸನಗಳಲ್ಲಿ "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂಬ ಬಿರುದುಗಳು ಮಾತ್ರ ಸಿಗುತ್ತಿದ್ದವು. ಆ ರಾಜ ಯಾರೆಂಬುದು ಗೊತ್ತಿರಲಿಲ್ಲ. ಅವನು ಅಶೋಕನೇ ಎಂದು ಪಾಳಿ ಗ್ರಂಥಗಳ ಆಧಾರದಿಂದ ತೋರಿಸಿದ ಜಾರ್ಜ್ ಟರ್ನರ್ ಸಿಲೋನಿನ ಒಬ್ಬ ಸರ್ಕಾರಿ ನೌಕರ. ಮುಂದೆ ಸುಮಾರು 78 ವರ್ಷಗಳ ಬಳಿಕ ಮಸ್ಕಿಯ ಬಂಡೆ ಸಿಕ್ಕಿತು, ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಟಂಕಸಾಲೆಯವನು ಲಿಪಿ ಬಿಡಿಸಿದ, ಕಚೇರಿಯವನು ರಾಜನನ್ನು ಗುರುತಿಸಿದ, ಗಣಿಯವನು ಪುರಾವೆ ತಂದ. ಆ ವರ್ಷವೇ ಎಚ್. ಕೃಷ್ಣಶಾಸ್ತ್ರಿಗಳು ಓದಿ ಸಿದ್ಧಪಡಿಸಿದ ಪಾಠವನ್ನು ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ತನ್ನ ಪುಸ್ತಕಮಾಲೆಯ ಮೊದಲ ಪುಸ್ತಕವಾಗಿ ಅಚ್ಚು ಹಾಕಿಸಿತು. ಆಗ ಆ ಇಲಾಖೆಯ ನಿರ್ದೇಶಕರಾಗಿದ್ದವರು ಗುಲಾಮ್ ಯಜ್ದಾನಿ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಬೀಡನ್ ಒಬ್ಬರೇ ಇದ್ದಿದ್ದರೆ ಆ ಬಂಡೆ ಒಂದು ವಿಚಿತ್ರವಾಗಿ ಉಳಿಯುತ್ತಿತ್ತು. ನೋಡಿದ್ದನ್ನು ತಿಳಿಸಲು ಒಂದು ಇಲಾಖೆ, ಓದಲು ಒಬ್ಬ ಪಂಡಿತ, ಅಚ್ಚು ಹಾಕಲು ಒಂದು ಮಾಲೆ, ಓದಿ ತಕರಾರು ಮಾಡಲು ಒಂದಿಷ್ಟು ಜನ, ಇವೆಲ್ಲ ಇದ್ದದ್ದರಿಂದ ಅದು ಇತಿಹಾಸವಾಯಿತು. ಸಂಶೋಧನೆಗೆ ಪದವಿ ಇಲ್ಲದಿದ್ದರೂ ನಡೆದೀತು, ಬಳಗ ಇಲ್ಲದಿದ್ದರೆ ನಡೆಯದು. ಮನೆಯಲ್ಲಿ ಒಬ್ಬನೇ ಕುಳಿತು "ನಾನು ದೊಡ್ಡ ಸತ್ಯ ಕಂಡುಹಿಡಿದೆ" ಎನ್ನುವವರು ಪ್ರತಿ ಊರಿನಲ್ಲಿಯೂ ಒಬ್ಬಿಬ್ಬರು ಇರುತ್ತಾರೆ. ಅವರಿಗೆ ಬುದ್ಧಿ ಕಡಿಮೆಯೆಂದಲ್ಲ, ತಿದ್ದುವವರು ಸಿಕ್ಕಿರುವುದಿಲ್ಲ.

ಕನ್ನಡದಲ್ಲಿ ಇಂಥ ಬಳಗಗಳ ಪರಂಪರೆ ದೊಡ್ಡದು. ವಿಜಾಪುರದ ವಕೀಲ ಫ. ಗು. ಹಳಕಟ್ಟಿಯವರು ವಚನಗಳ ತಾಳೆಗರಿಗಳನ್ನು ಊರೂರು ತಿರುಗಿ ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ' ತಂದರು. 1925ರಲ್ಲಿ ಮನೆ ಮಾರಿ ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಅವರ ಪೂರ್ಣ ಹೆಸರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಆ "ಫಕೀರಪ್ಪ" ಎಂಬ ಹೆಸರಿನಲ್ಲಿಯೇ ನಮ್ಮ ಸೀಮೆಯ ಬಾಳ್ವೆ ಇದೆ. ಧಾರವಾಡದ ಶಂ. ಬಾ. ಜೋಶಿಯವರು ನಮ್ಮ ಹಾಗೆ ಶಾಲೆಯ ಮಾಸ್ತರರು. ಅವರ ಕೃತಿಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇನ್ನೂ ಹತ್ತಿರ ಬನ್ನಿ. ನಮ್ಮ ಲಿಂಗಸೂಗೂರಿನಲ್ಲಿ ಗೊರೆಬಾಳ ಹನುಮಂತರಾಯರು ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ದಾಸರ ಹಾಡುಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಮಾನ್ವಿಯ ಜಗನ್ನಾಥದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು ಇವರೆಲ್ಲ ಹುಟ್ಟಿ ಬೆಳೆದ ನೆಲದಲ್ಲಿ, ಯಾವ ವಿಶ್ವವಿದ್ಯಾಲಯದ ನೆರಳೂ ಇಲ್ಲದ ಒಂದು ತಾಲೂಕು ಊರಿನಲ್ಲಿ ಆ ಕೆಲಸ ನಡೆಯಿತು. ವಿಶ್ವವಿದ್ಯಾಲಯದವರು ಆಮೇಲೆ ಅದೇ ಪುಸ್ತಕಗಳನ್ನು ಮುಂದಿಟ್ಟುಕೊಂಡು ಬರೆದರು.

"ಅವರೆಲ್ಲ ಹಿಂದಿನವರು, ಪುಣ್ಯವಂತರು, ಈಗ ಯಾರು ಕೇಳುತ್ತಾರೆ?" ಎಂದು ನೀವು ಕೇಳಬಹುದು. ಬೆಂಗಳೂರಿನ ಒಂದು ಉದಾಹರಣೆ ಕೊಡುತ್ತೇನೆ. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಕೂಡಿಸಿ 1905ರಲ್ಲಿ ಅಚ್ಚು ಮಾಡಿಸಿದ್ದರು. ನೂರು ವರ್ಷಗಳ ಮೇಲೆ ಆ ಕಲ್ಲುಗಳು ಇದ್ದಾವೋ ಇಲ್ಲವೋ ನೋಡೋಣ ಎಂದು ಪಿ. ಎಲ್. ಉದಯಕುಮಾರ್ ಎಂಬ ಇಂಜಿನಿಯರು ಮತ್ತು ಗೆಳೆಯರು ಪುಸ್ತಕ ಹಿಡಿದು ಹೊರಟರು. ಎಷ್ಟೋ ಕಲ್ಲುಗಳು ಕಟ್ಟಡಗಳ ಅಡಿ ಹೋಗಿದ್ದವು. ಕೆಲವು ಚರಂಡಿಯ ಪಕ್ಕದಲ್ಲಿ ಬಿದ್ದಿದ್ದವು. ಪುಸ್ತಕದಲ್ಲಿ ಇಲ್ಲದ ಹೊಸವೂ ಸಿಕ್ಕವು. ಹೆಬ್ಬಾಳದಲ್ಲಿ ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ಶಾಸನ ಹೀಗೆಯೇ ಬೆಳಕಿಗೆ ಬಂತು. ಅಲ್ಲಿಯ ನಿವಾಸಿಗಳು ಸೇರಿ ಅದಕ್ಕೆ ಮಂಟಪ ಕಟ್ಟಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಈ ಬಳಗವನ್ನು ಜೊತೆಗೆ ಸೇರಿಸಿಕೊಂಡಿತು. ಈಗ ಅಲ್ಲಿ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮಾಡಿ ಉಳಿಸುವ ಕೆಲಸ ನಡೆದಿದೆ. ಭಾನುವಾರದ ಬಿಡುವಿನಲ್ಲಿ ಮೊದಲಾದದ್ದು ಇದು.

ಕರ್ನಾಟಕ ಇತಿಹಾಸ ಅಕಾಡೆಮಿಯೂ ಇದೆ. ವರ್ಷಕ್ಕೊಮ್ಮೆ ಒಂದೊಂದು ಊರಿನಲ್ಲಿ ಸಮ್ಮೇಳನ ಮಾಡುತ್ತದೆ. ಅಲ್ಲಿ ಓದಿದ ಪ್ರಬಂಧಗಳು 'ಇತಿಹಾಸ ದರ್ಶನ' ಸಂಪುಟದಲ್ಲಿ ಬರುತ್ತವೆ. ಪ್ರಾಧ್ಯಾಪಕರ ಪಕ್ಕದಲ್ಲಿ ಹೈಸ್ಕೂಲು ಮಾಸ್ತರರು, ಬ್ಯಾಂಕಿನವರು, ನಿವೃತ್ತರು ಕುಳಿತಿರುತ್ತಾರೆ. ಒಂದು ಹಳ್ಳಿಯ ಒಂದು ವೀರಗಲ್ಲಿನ ಬಗ್ಗೆ ಎರಡೂವರೆ ಪುಟ ಬರೆದು ತಂದವರಿಗೂ ಅಲ್ಲಿ ಜಾಗವಿದೆ.

ಇತಿಹಾಸ ಬೇಡ, ವಿಜ್ಞಾನ ಇಷ್ಟ ಎನ್ನುವವರು ಸಲೀಂ ಅಲಿಯವರ ಬದುಕು ನೋಡಿ. 1883ರಲ್ಲಿ ಮುಂಬೈಯ ಎಂಟು ಜನ ಹವ್ಯಾಸಿಗಳು ಸೇರಿ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದ್ದರು. ತಂದೆ ತಾಯಿ ಇಲ್ಲದ ಹುಡುಗ ಸಲೀಂ, ತಾನು ಹೊಡೆದ ಗುಬ್ಬಚ್ಚಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು ಇದು ಯಾವ ಹಕ್ಕಿ ಎಂದು ಕೇಳಲು ಆ ಸೊಸೈಟಿಗೆ ಹೋದ. ಅಲ್ಲಿಯ ಕಾರ್ಯದರ್ಶಿ ಮಿಲ್ಲಾರ್ಡ್ ಬೈದು ಕಳಿಸಲಿಲ್ಲ, ಕಪಾಟುಗಳನ್ನು ತೆರೆದು ಹಕ್ಕಿಗಳ ಮಾದರಿ ತೋರಿಸಿದರು. ಮುಂದೆ ದೊಡ್ಡ ಪದವಿ ಇಲ್ಲವೆಂದು ಸರ್ಕಾರದ ಪ್ರಾಣಿಶಾಸ್ತ್ರ ಸಂಸ್ಥೆಯಲ್ಲಿ ಅವರಿಗೆ ಕೆಲಸ ಸಿಗಲಿಲ್ಲ. ಆಗ ಅವರು ಸಂಸ್ಥಾನಗಳಿಗೆ ಒಂದು ಮಾತು ಬರೆದರು: ನನಗೆ ಸಂಬಳ ಬೇಡ, ಓಡಾಟದ, ಡೇರೆಯ ಖರ್ಚು ಕೊಡಿ, ನಿಮ್ಮ ನಾಡಿನ ಹಕ್ಕಿಗಳ ಲೆಕ್ಕ ನಾನು ಕೊಡುತ್ತೇನೆ. ಹಾಗೆ ಮೊದಲು ಕೈಗೆ ಬಂದ ಕೆಲಸಗಳಲ್ಲಿ 1931-32ರ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆಯೂ ಒಂದು. ಆಗ ರಾಯಚೂರು ಇದ್ದದ್ದು ಅದೇ ಸಂಸ್ಥಾನದಲ್ಲಿ. 1941ರಲ್ಲಿ ಭಾರತದ ಪಕ್ಷಿಗಳ ಮೇಲಿನ ಅವರ ಪುಸ್ತಕ ಬಂತು, 1976ರಲ್ಲಿ ಪದ್ಮವಿಭೂಷಣ ಬಂತು. ಇದೆಲ್ಲದರ ಮೂಲದಲ್ಲಿ ಮಗುವಿನ ಒಂದು ಪ್ರಶ್ನೆಗೆ ಬಾಗಿಲು ತೆರೆದ ಒಂದು ಬಳಗ ಇತ್ತು ಎಂಬುದನ್ನು ಶಿಕ್ಷಕ ಬಂಧುಗಳು ಗಮನಿಸಬೇಕು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ನಾವು ಇಂಥ ಬಳಗಕ್ಕೆ ಹೋದರೆ ಏನನ್ನು ತೆಗೆದುಕೊಂಡು ಹೋಗುತ್ತೇವೆ? ಬರಿಗೈಯಲ್ಲಿ ಹೋಗುವ ಅಗತ್ಯವಿಲ್ಲ. ನಿಮ್ಮಲ್ಲಿ ಎರಡು ಬೀಗದ ಕೈಗಳಿವೆ. ಒಂದು ಉರ್ದು, ಇನ್ನೊಂದು ಕನ್ನಡ. ಕನ್ನಡ ಬಲ್ಲ ಇತಿಹಾಸಕಾರರಲ್ಲಿ ಹೆಚ್ಚಿನವರಿಗೆ ಉರ್ದು ಲಿಪಿ ಬಾರದು. ಉರ್ದು ಬಲ್ಲ ನಮ್ಮ ವಿದ್ವಾಂಸರಲ್ಲಿ ಹಲವರು ಕನ್ನಡದಲ್ಲಿ ಒಂದು ಪುಟ ಬರೆಯಲಾರರು. ಎರಡೂ ಗೊತ್ತಿದ್ದು, ಎರಡರಲ್ಲಿಯೂ ಪರೀಕ್ಷೆ ಬರೆದವರು ಈ ಸಭಾಂಗಣದಲ್ಲಿ ಕುಳಿತಿರುವ ನೀವು. ನೀವು ಅದನ್ನು ಬಡತನ ಎಂದುಕೊಂಡಿದ್ದೀರಿ. "ಇಂಗ್ಲಿಷ್ ಮೀಡಿಯಂ ಅಲ್ಲ ಸರ್" ಎಂದು ತಲೆ ತಗ್ಗಿಸುತ್ತೀರಿ.

ಒಂದು ಸಂಗತಿ ಹೇಳುತ್ತೇನೆ. ಮಾನ್ವಿ ಕಡೆಯ ಒಬ್ಬ ರೈತರು, ನಮ್ಮ ಶಾಲೆಯ ಹುಡುಗನೊಬ್ಬನ ಅಪ್ಪನ ಗೆಳೆಯರು, ಒಂದು ದಿನ ಬಟ್ಟೆಯಲ್ಲಿ ಸುತ್ತಿದ ಕಾಗದ ತಂದರು. "ಇದು ನಮ್ಮ ಮುತ್ತ್ಯಾನ ಕಾಗದ ಅಂತರೀ ಸರ್. ಮನ್ಯಾಗ ಯಾರಿಗೂ ಓದಾಕ ಬರಂಗಿಲ್ಲ. ಪೂಜಾದ ಜಗಲಿ ಮ್ಯಾಗ ಇಟ್ಟೀವಿ" ಎಂದರು. ಲಿಂಗಾಯತ ಮನೆ, ದೇವರ ಜಗಲಿ, ಅದರ ಮೇಲೆ ಉರ್ದು ಕಾಗದ! ಒಂಬತ್ತನೆಯ ತರಗತಿಯ ಮಕ್ಕಳು ಸುತ್ತ ಕೂಡಿದರು. ಮೌಜಾ, ತಾಲೂಕಾ ಮಾನ್ವಿ, ಜಿಲ್ಲಾ ರಾಯಚೂರು, ಅಷ್ಟನ್ನು ಅವರೇ ಓದಿದರು. ಜಮೀನಿನ ಗಡಿ, ಕೆರೆಯ ಹೆಸರು, ಪಕ್ಕದ ಹೊಲದವನ ಹೆಸರು ಒಂದೊಂದಾಗಿ ಹೊರಬಂದವು. ತನ್ನ ಮುತ್ತಾತನ ಹೆಸರನ್ನು ಒಬ್ಬ ಹುಡುಗಿಯ ಬಾಯಲ್ಲಿ ಕೇಳಿದಾಗ ಆ ರೈತರು ತಲೆಯ ರುಮಾಲು ಸರಿಮಾಡಿಕೊಂಡರು. ಆ ಹುಡುಗಿ ಉರ್ದುವನ್ನು ಬೇರೆ ಕಣ್ಣಿನಿಂದ ನೋಡಿದ್ದು ಅಂದಿನಿಂದ.

ಇದರಲ್ಲಿ ಆಶ್ಚರ್ಯವೇನಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೈದರಾಬಾದ್ ಸಂಸ್ಥಾನದ ಕಚೇರಿಗಳಲ್ಲಿ ಫಾರಸಿಯ ಜಾಗಕ್ಕೆ ಉರ್ದು ಬಂತು. 1948ರವರೆಗೆ ದೇವದುರ್ಗ, ಮಾನ್ವಿ, ಲಿಂಗಸೂಗೂರು, ಸಿಂಧನೂರುಗಳ ಕಂದಾಯದ ದಫ್ತರ ಉರ್ದುವಿನಲ್ಲಿಯೇ ಇತ್ತು. ಹೊಲ ಉಳುವವನು ಕನ್ನಡಿಗ, ಕಾಗದ ಉರ್ದು. ಜಮಾಬಂದಿ, ಖರಾಬು, ಸರಹದ್ದು, ಇನಾಮು ಎಂದು ಇಂದಿಗೂ ನಮ್ಮ ರೈತರು ಆಡುವ ಮಾತುಗಳು ಅಲ್ಲಿಂದಲೇ ಬಂದವು. ಆ ಕಾಗದಗಳ ದೊಡ್ಡ ಭಂಡಾರ ಹೈದರಾಬಾದಿನ ತಾರ್ನಾಕದ ದಫ್ತರಖಾನೆಯಲ್ಲಿದೆ. ಅಲ್ಲಿಯದು ಸುರಕ್ಷಿತ. ಮನೆಮನೆಯ ಟ್ರಂಕಿನಲ್ಲಿರುವುದು ಸುರಕ್ಷಿತವಲ್ಲ. ಮನೆ ಕೆಡವಿ ಕಟ್ಟುವಾಗ, ಅಣ್ಣ ತಮ್ಮಂದಿರು ಬೇರೆಯಾಗುವಾಗ ಮೊದಲು ರದ್ದಿಗೆ ಹೋಗುವುದು ಯಾರಿಗೂ ಓದಲು ಬಾರದ ಕಾಗದ.

ಓದುವುದಕ್ಕೆ ಶಾಲೆಯ ಉರ್ದು ಸಾಕಾಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಚೇರಿಯ ಬರಹ ಶಿಕಸ್ತಾ. ನುಕ್ತೆಗಳು ಹಾರಿಹೋಗಿರುತ್ತವೆ, ಅಕ್ಷರಕ್ಕೆ ಅಕ್ಷರ ಹೆಣೆದುಕೊಂಡಿರುತ್ತದೆ. ಮೊತ್ತಗಳನ್ನು ಎಷ್ಟೋ ಕಡೆ ಅಂಕಿಯಲ್ಲಿ ಬರೆದಿರುವುದಿಲ್ಲ, ರಖಮಿನಲ್ಲಿ, ಅಂದರೆ ಸಿಯಾಖ್ ಎಂಬ ಲೆಕ್ಕದ ಸಂಕೇತಗಳಲ್ಲಿ ಬರೆದಿರುತ್ತಾರೆ. ಅರಬ್ಬಿ ಸಂಖ್ಯಾಪದಗಳನ್ನೇ ಮುರಿದು ಮಾಡಿದ ಗೆರೆಗಳವು. ತಿಂಗಳು ಆಜುರ್, ದೈ, ಬಹಮನ್ ಎಂದಿರುತ್ತದೆ. ವರ್ಷ ಫಸಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಸುಮಾರಾಗಿ ಸಿಗುತ್ತದೆ: 1345 ಫಸಲಿ ಎಂದರೆ 1935-36. ಇದನ್ನು ಕಲಿಸಬಲ್ಲವರು ಯಾರು? ನಿಜಾಮರ ಕಾಲದ ಶಾಲೆಯಲ್ಲಿ ಅಕ್ಷರ ತಿದ್ದಿದ ಹಿರಿಯರು. 1948ರಲ್ಲಿ ಹತ್ತು ವರ್ಷದ ಹುಡುಗರಾಗಿದ್ದವರು ಇಂದು ತೊಂಬತ್ತರ ಹತ್ತಿರ ಇದ್ದಾರೆ. ದೇವದುರ್ಗದ ಮಸೀದಿಯ ಕಟ್ಟೆಯ ಮೇಲೆ ಅಸರ್ ನಮಾಜಿನ ನಂತರ ಕುಳಿತಿರುತ್ತಾರಲ್ಲ, ಅವರೇ. ವಿಶ್ವವಿದ್ಯಾಲಯಕ್ಕೆ ಸೀಟು ಸಿಗುವವರೆಗೆ ನೀವು ಕಾಯಬಹುದು, ಅವರು ಕಾಯಲಾರರು.

ಕಾಗದದ ಜೊತೆಗೆ ಕಲ್ಲು. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲು ಇದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ಕೋಟೆ ಕಟ್ಟಿಸಿದ ಸಂಗತಿ ಅದರ ಮೇಲೆ ತೆಲುಗಿನಲ್ಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ಅದರ ಆಚೆಗೆ ಬಹಮನಿಯವರ, ಆದಿಲಶಾಹಿಯವರ ಗೋಡೆಗಳು, ಬಾಗಿಲುಗಳು, ಫಾರಸಿ ಶಾಸನಗಳು. 1520ರಲ್ಲಿ ಕೃಷ್ಣದೇವರಾಯ ಗೆದ್ದದ್ದೂ ಇದೇ ಕೋಟೆಯನ್ನು. ಕೋಟೆ ಯಾರದು ಎಂಬ ಜಗಳ ಚಹಾದ ಹೋಟೆಲಿನಲ್ಲಿ ಬಿಸಿಯಾಗುತ್ತದೆ, ಎರಡೂ ಕಡೆಯವರು ಕಲ್ಲಿನ ಹತ್ತಿರ ಹೋಗಿರುವುದಿಲ್ಲ. ಹೋಗಿ ಓದಿದವರಿಗೆ ಆ ಜಗಳದಲ್ಲಿ ಆಸಕ್ತಿ ಉಳಿಯುವುದಿಲ್ಲ, ಬೇರೆ ಒಳ್ಳೆಯ ಪ್ರಶ್ನೆಗಳು ಹುಟ್ಟುತ್ತವೆ.

ಒಂದು ಪ್ರಶ್ನೆಯನ್ನು ಮಾಡಿಯೇ ತೋರಿಸುತ್ತೇನೆ. ನಮ್ಮ ಏಕ್ ಮಿನಾರ್ ಮಸೀದಿಯನ್ನು ಕಟ್ಟಿಸಿದವನ ಹೆಸರು ಮಲಿಕ್ ಅಂಬರ್. ಅಹಮದ್‌ನಗರದ ಪ್ರಸಿದ್ಧ ಮಲಿಕ್ ಅಂಬರ್ ಇವನೇ ಎಂದುಕೊಳ್ಳುವವರು ಇರಬಹುದು. ಶಾಸನದ ವರ್ಷ ಹಿಜರಿ 919. ಹಿಜರಿ ವರ್ಷ ಚಿಕ್ಕದು, ಸುಮಾರು 33 ವರ್ಷಕ್ಕೆ ಒಂದು ವರ್ಷ ಮುಂದೆ ಓಡುತ್ತದೆ. ಆದ್ದರಿಂದ 919ನ್ನು 33ರಿಂದ ಭಾಗಿಸಿ, ಬಂದ 28ನ್ನು ಕಳೆದು, 622 ಕೂಡಿಸಿ. 1513 ಬರುತ್ತದೆ. ಬಹಮನಿ ಮಹಮೂದ್ ಶಾಹನ ಕಾಲ. ಅಹಮದ್‌ನಗರದ ಮಲಿಕ್ ಅಂಬರ್ ಹುಟ್ಟಿದ್ದು 1548ರ ಸುಮಾರಿಗೆ. ಹಾಗಾದರೆ ಇವನು ಬೇರೆ. ಏಳನೆಯ ತರಗತಿಯ ಲೆಕ್ಕ ಇದು. ಆದರೆ ಶಾಸನ, ವರ್ಷ, ಇನ್ನೊಂದು ಆಧಾರ, ನಿರ್ಣಯ ಎಂಬ ನಾಲ್ಕು ಹೆಜ್ಜೆಗಳೂ ಇದರಲ್ಲಿವೆ.

ಕೆಲವು ಫಾರಸಿ ಶಾಸನಗಳಲ್ಲಿ ವರ್ಷವನ್ನು ಅಂಕಿಯಲ್ಲಿ ಕೊಡದೆ ಒಂದು ಪದ ಅಥವಾ ಸಾಲಿನಲ್ಲಿ ಅಡಗಿಸುತ್ತಾರೆ. ಅಬ್ಜದ್ ಲೆಕ್ಕ. ಬಿಸ್ಮಿಲ್ಲಾಹ್‌ಗೆ 786 ಎಂದು ಬರೆಯುವುದು ನಿಮಗೆ ಗೊತ್ತು, ಅದೇ ಲೆಕ್ಕ. ಅಲಿಫ್ 1, ಬೇ 2, ಜೀಮ್ 3, ದಾಲ್ 4, ಹೀಗೆ ಹೋಗಿ ಯೇ 10, ಖಾಫ್ 100, ಗೈನ್ 1000. ಪೇ ಬಂದರೆ ಬೇಯ ಬೆಲೆ, ಗಾಫ್ ಬಂದರೆ ಕಾಫ್‌ನ ಬೆಲೆ. ಮಕ್ಕಳು ಇದನ್ನು ಆಟದ ಹಾಗೆ ಕಲಿಯುತ್ತಾರೆ. ದೊಡ್ಡ ಪಂಡಿತರಿಗೂ ಇದೇ ಕೋಷ್ಟಕ, ಬೇರೆ ಇಲ್ಲ. ಯಜ್ದಾನಿಯವರು ಸಂಪಾದಿಸುತ್ತಿದ್ದ 'ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ' ಎಂಬ ಪತ್ರಿಕೆಯಲ್ಲಿ ಮುದ್ಗಲ್, ರಾಯಚೂರುಗಳ ಶಾಸನಗಳು ಇಂಗ್ಲಿಷಿನಲ್ಲಿ ಅಚ್ಚಾದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಕನ್ನಡ ಶಾಸನ ಸಂಪುಟಗಳನ್ನು ತಂದಿದೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಓದಬಲ್ಲವರು ಬೇಕಾಗಿದ್ದಾರೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಕೋಟೆ ಸುತ್ತಲು, ಹೈದರಾಬಾದಿಗೆ ಹೋಗಲು ಮನೆಯಲ್ಲಿ ಒಪ್ಪದೆ ಇರಬಹುದು. ಗಂಡಸರು ಪ್ರವೇಶಿಸಲಾಗದ ದಫ್ತರಖಾನೆ ನಿಮ್ಮ ಅಡುಗೆಮನೆಯಲ್ಲಿಯೇ ಇದೆ. ನಾನಿಯ, ದಾದಿಯ ದಖ್ಖನಿ ಮಾತು. ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಚಕ್ಕಿನಾಮಾಗಳು ವಿಜಾಪುರದ ಸೂಫಿ ಪರಂಪರೆಯಿಂದ ಬಂದವು. ಅಮೆರಿಕದ ವಿದ್ವಾಂಸ ರಿಚರ್ಡ್ ಈಟನ್ ಅವುಗಳ ಮೇಲೆ ಬರೆದರು. ಮಿಕ್ಸರ್ ಬಂದ ಮೇಲೆ ಬೀಸುವ ಕಲ್ಲು ಮೂಲೆಗೆ ಹೋಯಿತು, ಹಾಡು ಅದರ ಹಿಂದೆ ಹೋಗುತ್ತಿದೆ. "ನಕ್ಕೋ", "ಹೌ", "ಕಾಯ್ಕು" ಎಂದು ನಾವು ಮನೆಯಲ್ಲಿ ಆಡುತ್ತೇವೆ, ತರಗತಿಯಲ್ಲಿ ನಾಚುತ್ತೇವೆ. ಅಜ್ಜಿಯ ಬಾಯಲ್ಲಿ ಎಷ್ಟು ಕನ್ನಡ ಪದ ದಖ್ಖನಿಯಾಗಿವೆ, ಅಡುಗೆಯ ಪಾತ್ರೆಗೆ, ಕಾಳಿಗೆ, ಹೆರಿಗೆಯ ಮದ್ದಿಗೆ ಯಾವ ಹೆಸರು, ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಹೇಳಿದವರ ವಯಸ್ಸು, ಊರು, ತಾರೀಖು ಬರೆಯಿರಿ. ತಾರೀಖಿಲ್ಲದ ನೋಟುಬುಕ್ಕು ಯಾವ ಕೆಲಸಕ್ಕೂ ಬರುವುದಿಲ್ಲ.

ಬಳಗಕ್ಕೆ ಸೇರುವಾಗ ಅದರ ರೀತಿ ರಿವಾಜು ತಿಳಿದಿರಬೇಕು. ಮೊದಲ ಸಲ ಹೋದಾಗ ಕೇಳಲು ಹೋಗಿ. ಎರಡನೆಯ ಸಲ ಒಂದು ಸಣ್ಣ ಬರಹ ಒಯ್ಯಿರಿ; "ರಾಯಚೂರಿನ ಸಮಗ್ರ ಇತಿಹಾಸ" ಬೇಡ, ಒಂದು ಬಾಗಿಲ ಒಂದು ಶಾಸನ ಸಾಕು. ಯಾರಿಂದ ತಿಳಿಯಿತು ಎಂದು ಹೆಸರು ಹೇಳಿ, ಪುಸ್ತಕ ಯಾವುದು, ಪುಟ ಯಾವುದು ಎಂದು ಹೇಳಿ. ಇದು ನಮಗೆ ಹೊಸದಲ್ಲ. ಒಂದು ಮಾತು ಯಾರಿಂದ ಯಾರಿಗೆ ಬಂತು ಎಂಬ ಸನದನ್ನು ಒಂದೊಂದು ಕೊಂಡಿ ಹಿಡಿದು ಪರೀಕ್ಷಿಸುವುದು ನಮ್ಮ ಮದರಸಾಗಳ ಹಳೆಯ ವಿದ್ಯೆ. ಓದಲು ಬಾರದ ಅಕ್ಷರವನ್ನು ಚುಕ್ಕಿ ಹಾಕಿ ಬಿಡಿ; ಊಹಿಸಿ ತುಂಬಬೇಡಿ. ಸಭೆಯಲ್ಲಿ ಯಾರಾದರೂ ಎದ್ದು "ಇದು ಹಾಗಲ್ಲ" ಎಂದರೆ ಮುಖ ಸಣ್ಣದು ಮಾಡಬೇಡಿ. ಆ ತಿದ್ದುಪಡಿಗಾಗಿಯೇ ನೀವು ಬಸ್ ಚಾರ್ಜು ಕೊಟ್ಟು ಹೋಗಿರುವುದು.

ಎರಡು ಎಚ್ಚರಿಕೆಗಳಿವೆ. ಜಮೀನಿನ ಕಾಗದ ಓದಿಕೊಡುವಾಗ ಏನಿದೆಯೋ ಅದನ್ನು ಓದಿ, ಅಲ್ಲಿಗೆ ನಿಲ್ಲಿಸಿ. ಹೊಲ ಯಾರಿಗೆ ಸೇರಬೇಕು ಎಂದು ಹೇಳುವುದು ಕೋರ್ಟಿನ ಕೆಲಸ. ಹಣ ಮುಟ್ಟಬೇಡಿ, ಮೂಲ ಕಾಗದ ಇಟ್ಟುಕೊಳ್ಳಬೇಡಿ, ಅನುಮತಿ ಪಡೆದು ಫೋಟೋ ತೆಗೆದು ಅವರೆದುರಿಗೇ ಮಡಚಿ ಕೊಡಿ. ಇನ್ನೊಂದು, "ಅಂತರರಾಷ್ಟ್ರೀಯ ಪತ್ರಿಕೆ" ಎಂದು ಹೆಸರಿಟ್ಟುಕೊಂಡು ಎರಡು ಸಾವಿರ ಕೊಟ್ಟರೆ ಮೂರು ದಿನದಲ್ಲಿ ಲೇಖನ ಅಚ್ಚು, ಜೊತೆಗೆ ಬಣ್ಣದ ಸರ್ಟಿಫಿಕೇಟು ಎನ್ನುವವರಿದ್ದಾರೆ. ಯಾರೂ ಓದದೆ, ಯಾರೂ ತಿದ್ದದೆ ಅಚ್ಚು ಮಾಡುವ ಜಾಗ ಬಳಗವಲ್ಲ, ಅಂಗಡಿ. ಶಿಕ್ಷಕರಲ್ಲಿಯೂ ಕೆಲವರು ಬಡ್ತಿಗೆ ಉಪಯೋಗವಾದೀತೆಂದು ಅಲ್ಲಿ ಹಣ ಸುರಿಯುತ್ತಾರೆ. ಆ ದುಡ್ಡಿಗೆ ಒಂದು ಒಳ್ಳೆಯ ನಿಘಂಟು ಬರುತ್ತದೆ.

ಇದರಿಂದ ನೌಕರಿ ಸಿಗುತ್ತದೆಯೇ ಎಂದು ಪೋಷಕರು ಕೇಳುತ್ತಾರೆ. ಸಿಗುತ್ತದೆ ಎಂದು ಸುಳ್ಳು ಹೇಳಲಾರೆ. ಬೀಡನ್ ಶಾಸನ ಕಂಡದ್ದು ಗಣಿಯ ಕೆಲಸದ ನಡುವೆಯೇ, ಜೋಶಿಯವರು ಪಾಠ ಮಾಡುತ್ತಲೇ ಬರೆದರು. ನೀವೂ ನಿಮ್ಮ ಹೊಟ್ಟೆಪಾಡಿನ ಕೆಲಸ ಇಟ್ಟುಕೊಂಡೇ ಬನ್ನಿ. ಮುಂದೆ ಪಿಎಚ್.ಡಿ.ಗೆ ಹೋಗುವ ಯೋಗವಿದ್ದರೆ, ಕೈಯಲ್ಲಿ ಈಗಾಗಲೇ ಓದಿದ ಐವತ್ತು ಕಾಗದ ಇರುವವನನ್ನು ಗೈಡುಗಳು ಹುಡುಕಿಕೊಂಡು ಬಂದಾರು.

ಕೊನೆಯದಾಗಿ ಕೆಲಸದ ಮಾತು. ಮುಂದಿನ ತಿಂಗಳಿಂದ ಪ್ರತಿ ಎರಡನೆಯ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಏಕ್ ಮಿನಾರ್ ಮಸೀದಿಯ ಹತ್ತಿರ ಸೇರೋಣ ಎಂದು ಕೆಲವು ಶಿಕ್ಷಕರು ಮಾತಾಡಿಕೊಂಡಿದ್ದೇವೆ. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರದ ನೆರಳು ಬೀಳುತ್ತದೆ. ಫಾರಸಿ ಶಾಸನಗಳಲ್ಲಿ ಅಕ್ಷರ ಸಾಮಾನ್ಯವಾಗಿ ಉಬ್ಬಾಗಿರುವುದರಿಂದ ಆ ಹೊತ್ತು ಫೋಟೋ ಚೆನ್ನಾಗಿ ಬರುತ್ತದೆ. ಕಲ್ಲಿಗೆ ಸುಣ್ಣದ ಕಡ್ಡಿ ತಿಕ್ಕುವುದು, ಎಣ್ಣೆ ಹಚ್ಚುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು ಬೇಡವೇ ಬೇಡ. ಅಚ್ಚು ತೆಗೆಯಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಅದನ್ನು ನಾವು ಹಿರಿಯರು ನೋಡಿಕೊಳ್ಳುತ್ತೇವೆ. ದೇವದುರ್ಗದವರು ಮೊದಲ ಬಸ್ಸಿಗೆ ಹೊರಟರೆ ಎಂಟರೊಳಗೆ ಬರಬಹುದು, ಕಾಯುತ್ತೇವೆ. ಗಬ್ಬೂರಿನ ಗುಡಿಗಳ, ಶಾಸನಗಳ ಕಡೆಗೆ ಆಮೇಲೊಂದು ದಿನ ಹೋಗೋಣ. ಮಾನ್ವಿಯವರು ಬರುವಾಗ ಮನೆಯ ಟ್ರಂಕು ಒಮ್ಮೆ ತೆಗೆದು ನೋಡಿ ಬನ್ನಿ. ಕಾಗದ ತರಬೇಡಿ, ಅದರ ಫೋಟೋ ಸಾಕು. ಪೆನ್ಸಿಲ್ಲು, ಅಳತೆಯ ಟೇಪು, ಇನ್ನೂರು ಪುಟದ ಒಂದು ರಿಜಿಸ್ಟರು, ಒಂದು ಬಾಟಲಿ ನೀರು ಜೊತೆಗಿರಲಿ.